ರಿಪೋರ್ಟಿಗಿಂತ ಮೊದಲು ತಾರೀಖು



"ರಗತ ತಪಾಸ ಮಾಡ್ಸೀನ್ರಿ, ನೆಗೆಟಿವ್ ಬಂದದ. ಇನ್ನೇನೂ ಭಯ ಇಲ್ಲಲ್ರೀ?"

ರಾಯಚೂರು, ಮಾನ್ವಿ, ದೇವದುರ್ಗದ ಯಾವ ಆಪ್ತಸಮಾಲೋಚಕರಿಗೂ ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಹೌದು ಅಥವಾ ಇಲ್ಲ ಎಂದು ಥಟ್ಟನೆ ಹೇಳಿಬಿಡುವವರು ಯಾರೇ ಇರಲಿ, ಗೆಳೆಯನಾಗಲಿ, ಔಷಧಿ ಅಂಗಡಿಯವನಾಗಲಿ, ಅವರ ಮಾತನ್ನು ಪಕ್ಕಕ್ಕಿಡಿ. ಸರಿಯಾದ ಉತ್ತರ ಹೇಳುವವರು ಮೊದಲು ಮರುಪ್ರಶ್ನೆ ಹಾಕುತ್ತಾರೆ. ನಿಮಗೆ ಸಂಶಯ ಹುಟ್ಟಿಸಿದ ಆ ಘಟನೆ ನಡೆದದ್ದು ಯಾವತ್ತು? ರಕ್ತ ಕೊಟ್ಟದ್ದು ಯಾವತ್ತು? ಮಾಡಿದ ಪರೀಕ್ಷೆ ಯಾವುದು? ಈ ಮೂರೂ ತಿಳಿಯದಿದ್ದರೆ ಎಚ್‌ಐವಿ ರಿಪೋರ್ಟನ್ನು ಓದಲು ಬರುವುದಿಲ್ಲ. ಓದಿದರೂ ತಪ್ಪಾಗಿ ಓದುತ್ತೇವೆ.

ಮುಂದಕ್ಕೆ ಹೋಗುವ ಮೊದಲು ಒಂದು ತುರ್ತಿನ ಮಾತು. ಈಗ ಕೇಳುತ್ತಿರುವವರಲ್ಲಿ ಯಾರಿಗಾದರೂ ಇವತ್ತು, ನಿನ್ನೆ ಅಥವಾ ಮೊನ್ನೆ ಅಂಥ ಸಂದರ್ಭ ಒದಗಿದ್ದರೆ, ಅವರು ನನ್ನ ಉಳಿದ ಭಾಷಣ ಕೇಳುತ್ತಾ ಕೂರಬೇಕಾಗಿಲ್ಲ. ರೇಡಿಯೊ ಆರಿಸಿ ದವಾಖಾನೆಗೆ ನಡೆಯಲಿ. ದಾದಿಯೊಬ್ಬರಿಗೆ ರೋಗಿಯ ಸೂಜಿ ಚುಚ್ಚಿರಬಹುದು, ಒಬ್ಬ ಹೆಣ್ಣುಮಗಳ ಮೇಲೆ ದೌರ್ಜನ್ಯ ನಡೆದಿರಬಹುದು, ಕಾಂಡೋಮ್ ಹರಿದಿರಬಹುದು. ವೈರಸ್ಸು ಮೈಯಲ್ಲಿ ನೆಲೆಯೂರುವ ಮೊದಲೇ ಅದನ್ನು ತಡೆಯುವ ಔಷಧಿ ಇದೆ. ಅದಕ್ಕೆ ಪಿಇಪಿ, 'ಪೆಪ್' ಎನ್ನುತ್ತಾರೆ. 72 ಗಂಟೆಯೊಳಗೆ ಶುರುಮಾಡಬೇಕು, ಎರಡು ಗಂಟೆಯೊಳಗೆ ಆದರೆ ಎಲ್ಲಕ್ಕಿಂತ ಒಳ್ಳೆಯದು. 28 ದಿನ ತಪ್ಪದೆ ನುಂಗಬೇಕು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಕೂಡಿದ ಮಾತ್ರೆ ಅದು. ಆಸ್ಪತ್ರೆ ಸಿಬ್ಬಂದಿಗೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಕೊಡುವ ನಿಯಮವಿದೆ. ಬೇರೆ ಸಂದರ್ಭಗಳಲ್ಲಿ ಅಪಾಯ ಎಷ್ಟೆಂದು ವೈದ್ಯರು ತೂಗಿ ನೋಡಿ ತೀರ್ಮಾನಿಸುತ್ತಾರೆ. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳನ್ನು ಪೊಲೀಸ್ ದೂರು ದಾಖಲಾಗಲಿ ಎಂದು ಯಾವ ಆಸ್ಪತ್ರೆಯೂ ಕಾಯಿಸುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಚಿಕಿತ್ಸೆಯನ್ನು ತಕ್ಷಣ, ಪುಕ್ಕಟೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಬೆಳಿಗ್ಗೆ ಬಸ್ಸಿಗೆ ಹೋದರಾಯಿತು ಅನ್ನಬೇಡಿ. ರಾಯಚೂರಿನ ರಿಮ್ಸ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ರಾತ್ರಿಯಲ್ಲೂ ಬಾಗಿಲಿದೆ.

ಪೆಪ್ ಶುರುಮಾಡುವ ದಿನವೇ ಒಂದು ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಅದು ನೆಗೆಟಿವ್ ಬಂದೊಡನೆ "ಹಂಗಾದ್ರ ಗುಳಿಗಿ ಯಾಕ?" ಎಂದು ಮಾತ್ರೆ ಬಿಡುವವರಿದ್ದಾರೆ. ಆ ಪರೀಕ್ಷೆ ನಿನ್ನೆಯ ಘಟನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕೂ ಮೊದಲು ನಿಮ್ಮ ಮೈಯಲ್ಲಿ ಸೋಂಕು ಇತ್ತೋ ಇಲ್ಲವೋ ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಚ್‌ಐವಿ ಮೈಯೊಳಗೆ ಹೊಕ್ಕ ಮೊದಲ ಹತ್ತು ದಿನ ಅದು ಯಾವ ಪರೀಕ್ಷೆಗೂ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಆಮೇಲೆ ರಕ್ತದಲ್ಲಿ ಮೊದಲು ಕಾಣುವುದು ವೈರಸ್ಸಿನ ಆರ್‌ಎನ್‌ಎ. ಕೆಲವು ದಿನ ಕಳೆದ ಮೇಲೆ ಅದರ ಹೊದಿಕೆಯೊಳಗಿನ ಪಿ24 ಎಂಬ ಪ್ರೋಟೀನು ಕಾಣುತ್ತದೆ. ಅದರ ನಂತರ, ಸಾಮಾನ್ಯವಾಗಿ ಮೂರು ವಾರ ದಾಟಿದ ಮೇಲೆ, ನಮ್ಮ ದೇಹವೇ ವೈರಸ್ಸಿನ ವಿರುದ್ಧ ತಯಾರಿಸುವ ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ವೈದ್ಯರು ಆಂಟಿಬಾಡಿ ಎನ್ನುವುದು ಇವನ್ನೇ. ನಮ್ಮ ತಾಲೂಕು ಕೇಂದ್ರಗಳಲ್ಲಿ ಬಳಸುವ ಕಾರ್ಡಿನಂಥ ಕಿಟ್‌ಗಳು ಬಹುಮಟ್ಟಿಗೆ ಹುಡುಕುವುದು ವೈರಸ್ಸನ್ನಲ್ಲ, ಈ ಪ್ರತಿಕಾಯಗಳನ್ನು. ದೇಹ ಅವನ್ನು ತಯಾರಿಸುವ ಮೊದಲೇ ಹುಡುಕಿದರೆ ಕಿಟ್ಟಿಗೆ ಏನು ಸಿಗಬೇಕು? ಜೋಳ ಬಿತ್ತಿದ ಮರುದಿನವೇ ಹೊಲಕ್ಕೆ ಹೋಗಿ ಮೊಳಕೆ ಕಾಣಲಿಲ್ಲವೆಂದು, ಬೀಜವೇ ಬಿದ್ದಿಲ್ಲ ಎಂದು ತೀರ್ಮಾನಿಸುವ ರೈತ ನಮ್ಮ ಎಡೆದೊರೆ ನಾಡಿನಲ್ಲಿ ಒಬ್ಬನೂ ಇರಲಾರ.

ಈ ನಡುವಿನ ಅವಧಿಗೆ ವಿಂಡೋ ಪೀರಿಯಡ್ ಎನ್ನುತ್ತಾರೆ. ಪರೀಕ್ಷೆ ಬದಲಾದರೆ ಇದೂ ಬದಲಾಗುತ್ತದೆ. ಆರ್‌ಎನ್‌ಎಯನ್ನೇ ಹುಡುಕುವ ಪರೀಕ್ಷೆಗೆ 10ರಿಂದ 33 ದಿನ ಬೇಕು. ರಕ್ತನಾಳದಿಂದ ತೆಗೆದ ರಕ್ತದಲ್ಲಿ ಪಿ24 ಮತ್ತು ಪ್ರತಿಕಾಯ ಎರಡನ್ನೂ ಒಟ್ಟಿಗೆ ಹುಡುಕುವ ಪ್ರಯೋಗಾಲಯದ ಪರೀಕ್ಷೆಗೆ 18ರಿಂದ 45 ದಿನ ಬೇಕು. ನಾಲ್ಕನೇ ತಲೆಮಾರಿನ ಪರೀಕ್ಷೆ ಎನ್ನುವುದು ಇದನ್ನೇ. ಪ್ರತಿಕಾಯಗಳನ್ನು ಮಾತ್ರ ನೋಡುವ ಪರೀಕ್ಷೆಗೆ 23ರಿಂದ 90 ದಿನ. ನಾಲ್ಕನೇ ತಲೆಮಾರಿನ ಪರೀಕ್ಷೆ 45 ದಿನ ಕಳೆದ ಮೇಲೆ ನೆಗೆಟಿವ್ ಬಂದರೆ, ಆ ನಡುವೆ ಮತ್ತೆ ಅಂಥ ಸಂದರ್ಭ ಒದಗಿರದಿದ್ದರೆ, ಆ ಘಟನೆಯ ಮಟ್ಟಿಗೆ ಕಡತ ಮುಚ್ಚಬಹುದು. ಕಾರ್ಡ್ ಟೆಸ್ಟ್ ಆದರೆ ಮೂರು ತಿಂಗಳು ತುಂಬಲಿ. ಪೆಪ್ ನುಂಗಿದವರ ಲೆಕ್ಕವೇ ಬೇರೆ. ಔಷಧಿಯಿಂದಾಗಿ ಪ್ರತಿಕಾಯಗಳು ತಡವಾಗಿ ಕಾಣಬಹುದು. ಹಾಗಾಗಿ ಅವರನ್ನು ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಕರೆಯುತ್ತಾರೆ. ಕರೆದಾಗ ಹೋಗಬೇಕು.

ಪೆಪ್ ತೆಗೆದುಕೊಳ್ಳದವರಿಗೂ "ಆರು ತಿಂಗಳು ಕಾಯಬೇಕು, ಕೆಲವರಿಗೆ ವರ್ಷವೂ ಬೇಕು" ಎಂದು ಹೆದರಿಸುವವರು ಇನ್ನೂ ಇದ್ದಾರೆ. ಅದು ಹಳೆಯ ಕಾಲದ ಕಿಟ್‌ಗಳ ಮಾತು. ಎಚ್‌ಐವಿಗೆ ಮೊದಲ ಎಲೈಸಾ ಪರೀಕ್ಷೆ ಅಮೆರಿಕದಲ್ಲಿ ಪರವಾನಗಿ ಪಡೆದದ್ದು 1985ರಲ್ಲಿ. ಆಗಿನ ಕಿಟ್‌ಗಳು ಪ್ರತಿಕಾಯಗಳನ್ನು ತಡವಾಗಿ ಗುರುತಿಸುತ್ತಿದ್ದವು. ಕಿಟ್‌ಗಳು ತಲೆಮಾರಿನಿಂದ ತಲೆಮಾರಿಗೆ ಸುಧಾರಿಸಿದವು, ಊರ ಮಾತು ಮಾತ್ರ ಹಾಗೆಯೇ ಉಳಿಯಿತು. ಮೂರು ತಿಂಗಳಿಗೆ ಮುಗಿಯಬೇಕಾದ ಚಿಂತೆಯನ್ನು ವರ್ಷವಿಡೀ ಹೊರಿಸುವುದು ಎಚ್ಚರಿಕೆಯಲ್ಲ, ಹಿಂಸೆ.

ಮಾನ್ವಿ ಮತ್ತು ದೇವದುರ್ಗದ ತಾಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ ಎಂಬ ಫಲಕದ ಕೋಣೆ ಇದೆ. ಅದು ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಒಬ್ಬರು ಆಪ್ತಸಮಾಲೋಚಕರು, ಒಬ್ಬರು ಲ್ಯಾಬ್ ಟೆಕ್ನಿಷಿಯನ್ ಅಲ್ಲಿರುತ್ತಾರೆ. ಹಣ ಕೇಳುವುದಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳು ಚುಚ್ಚಿ ಒಂದೇ ಕಿಟ್ಟಿನಲ್ಲಿ ನೋಡುವ ಏರ್ಪಾಡಿದೆ. ಈ ಎರಡು ಕಡೆಯ ಪರೀಕ್ಷೆಗೂ ಇರುವ ವ್ಯತ್ಯಾಸ ತಿಳಿಯದೆ ಎಷ್ಟೋ ಮನೆಗಳಲ್ಲಿ ರಂಪವಾಗುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ಕಿಟ್ಟಿನಲ್ಲಿ ಪರೀಕ್ಷೆಯ ಜಾಗದಲ್ಲಿ ಗೆರೆಯೋ ಚುಕ್ಕೆಯೋ ಮೂಡದಿದ್ದರೆ 'ನಾನ್ ರಿಯಾಕ್ಟಿವ್'. ಅಲ್ಲಿಗೆ ಆ ದಿನದ ಪರೀಕ್ಷೆ ಮುಗಿಯಿತು, ವರದಿ ನೆಗೆಟಿವ್. ಅಲ್ಲಿ ಗೆರೆ ಮೂಡಿದರೆ 'ರಿಯಾಕ್ಟಿವ್'. ರಿಯಾಕ್ಟಿವ್ ಎಂದರೆ ಪಾಸಿಟಿವ್ ಅಲ್ಲ. ಇನ್ನೂ ನೋಡಬೇಕು ಎಂದಷ್ಟೇ ಅರ್ಥ. ಐಸಿಟಿಸಿಯಲ್ಲಿ ಬೇರೆ ತತ್ವದ ಎರಡನೇ ಕಿಟ್ಟು, ಅದಕ್ಕಿಂತ ಬೇರೆಯಾದ ಮೂರನೇ ಕಿಟ್ಟು ಹಾಕಿ ನೋಡುತ್ತಾರೆ. ರೋಗಲಕ್ಷಣವಿಲ್ಲದ ವ್ಯಕ್ತಿಗೆ ಮೂರೂ ರಿಯಾಕ್ಟಿವ್ ಬಂದರೆ ಮಾತ್ರ ವರದಿಯಲ್ಲಿ ಪಾಸಿಟಿವ್ ಎಂದು ಬರೆಯುವುದು. ಮುಂದಿನ ಎರಡರಲ್ಲಿ ಒಂದು ಹೌದು, ಒಂದು ಅಲ್ಲ ಎಂದು ಜಗಳವಾದರೆ 'ಅನಿಶ್ಚಿತ' ಎಂದು ಬರೆದು ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ಆಗಲೂ ಹಾಗೆಯೇ ಬಂದರೆ ದೊಡ್ಡ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಇಷ್ಟೆಲ್ಲ ಯಾಕೆ, ಒಂದು ಕಿಟ್ಟು ಸಾಲದೇ ಎನ್ನುವವರಿಗೆ ಒಂದು ಲೆಕ್ಕ. ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು ಶೇಕಡಾ 0.2. ಅಂದರೆ 10,000 ಮಂದಿಗೆ 20. ಒಂದು ಕಿಟ್ಟು ಆ 20 ಮಂದಿಯನ್ನೂ ಹಿಡಿಯುತ್ತದೆ, ಆದರೆ ಸೋಂಕಿಲ್ಲದ ಸಾವಿರ ಮಂದಿಯಲ್ಲಿ ಐದು ಜನರನ್ನು ತಪ್ಪಾಗಿ ರಿಯಾಕ್ಟಿವ್ ಎನ್ನುತ್ತದೆ ಎಂದು ಇಟ್ಟುಕೊಳ್ಳಿ. ಸಾವಿರಕ್ಕೆ ಐದು ತಪ್ಪು ದೊಡ್ಡದಲ್ಲ ಅನ್ನಿಸುತ್ತದೆ. ಆದರೆ ಸೋಂಕಿಲ್ಲದ 9,980 ಮಂದಿಯಲ್ಲಿ ಅದು ಸುಮಾರು 50 ಜನರಾಯಿತು. ಗೆರೆ ಮೂಡಿದ 70 ಜನರಲ್ಲಿ ನಿಜವಾಗಿ ಸೋಂಕಿರುವವರು 20 ಮಾತ್ರ! ಆ 50 ಜನರ ರಕ್ತವನ್ನು ಬೇರೆ ಬಗೆಯ ಇನ್ನೊಂದು ಕಿಟ್ಟಿಗೆ ಹಾಕಿದರೆ ಒಬ್ಬರೂ ಉಳಿಯುವುದು ಕಷ್ಟ. ಮೊದಲ ಕಿಟ್ಟನ್ನು ಯಾರನ್ನೂ ತಪ್ಪಿಸಿಕೊಳ್ಳಲು ಬಿಡದಂತೆ ಆರಿಸಿರುತ್ತಾರೆ, ಆದ್ದರಿಂದ ಅದು ಸ್ವಲ್ಪ ಹೆಚ್ಚೇ ಅನುಮಾನ ಪಡುತ್ತದೆ. ಮುಂದಿನ ಎರಡರ ಕೆಲಸ ಆ ಅನುಮಾನವನ್ನು ಪರಿಹರಿಸುವುದು. ಬಸುರಿತನ, ಇತ್ತೀಚೆಗೆ ಹಾಕಿಸಿದ ಲಸಿಕೆ, ಕೆಲವು ಬೇರೆ ಕಾಯಿಲೆಗಳು ಕೂಡ ಒಮ್ಮೊಮ್ಮೆ ಮೊದಲ ಕಿಟ್ಟನ್ನು ದಾರಿ ತಪ್ಪಿಸುತ್ತವೆ.

ಈ ಎಚ್ಚರಿಕೆ ನಮ್ಮ ದೇಶದಲ್ಲಿ ಮೊದಲ ದಿನದಿಂದಲೂ ಇದೆ. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನಿತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ರಕ್ತದ ಮಾದರಿಗಳನ್ನು ಕಲೆಹಾಕಿದರು. ಅವು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷೆಯಾದವು. ಕೆಲವು ಪಾಸಿಟಿವ್ ಎಂದು ಕಂಡವು. ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದು ಹಾಗೆ. ಅಷ್ಟಕ್ಕೇ ನಿಲ್ಲದೆ ಖಚಿತಪಡಿಸಿಕೊಳ್ಳಲು ಮಾದರಿಗಳನ್ನು ಅಮೆರಿಕಕ್ಕೂ ಕಳಿಸಿದರು. ದೇಶದ ಮೊದಲ ವರದಿಗೇ ಎರಡನೇ ಸಾಕ್ಷಿ ಬೇಕಾಗಿತ್ತು. ನಮ್ಮ ಹಳ್ಳಿಯ ಅಕ್ಕನ ವರದಿಗೆ ಮೂರು ಸಾಕ್ಷಿ ಕೇಳಿದರೆ ಅತಿಯಾಯಿತೇ?

ಆದ್ದರಿಂದ ಹಳ್ಳಿಯ ಕೇಂದ್ರದಲ್ಲೋ, ಹೆರಿಗೆ ತಪಾಸಣೆಯಲ್ಲೋ, ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ನಿಗೆ ಮೊದಲೋ ಒಂದು ಕಿಟ್ಟಿನಲ್ಲಿ ರಿಯಾಕ್ಟಿವ್ ಬಂದರೆ ಮನೆಯಲ್ಲಿ ಏನನ್ನೂ ತೀರ್ಮಾನಿಸಬೇಡಿ. ಗಂಡನಿಗೆ ಫೋನು ಮಾಡಿ ಬೈಯುವುದು, ಸೊಸೆಯನ್ನು ತವರಿಗೆ ಕಳಿಸುವುದು, ಹೊಲ ಮಾರಿ ಪುಣೆಗೋ ಹೈದರಾಬಾದಿಗೋ ಓಡುವುದು, ಯಾವುದೂ ಬೇಡ. ಆ ಚೀಟಿ ಹಿಡಿದು ಐಸಿಟಿಸಿಗೆ ಹೋಗಿ ಮೂರು ಪರೀಕ್ಷೆ ಪೂರ್ತಿ ಮಾಡಿಸಿ.

ಸೊಸೆಯ ಮಾತು ಬಂತು, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ದೇವದುರ್ಗದ ಕಡೆಯಿಂದ ಗುಳೆ ಹೋಗುವ ಕುಟುಂಬಗಳು ಎಷ್ಟೆಂದು ನಿಮಗೇ ಗೊತ್ತು. ಗಂಡ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿರುತ್ತಾನೆ, ಹೆಂಡತಿ ಬಸುರಿಯಾಗಿ ಊರಿನಲ್ಲಿರುತ್ತಾಳೆ. ಬಸುರಿಯರಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡುವುದರಿಂದ ಮನೆಯಲ್ಲಿ ಮೊದಲು ವರದಿ ಬರುವುದು ಅವಳಿಗೆ. ವರದಿ ಮೊದಲು ಬಂದದ್ದಕ್ಕೇ "ಈಕಿನ ತಂದಾಳ" ಎಂಬ ಮಾತು ಹುಟ್ಟುತ್ತದೆ. ಎಂಥ ಅನ್ಯಾಯ! ಪಾಸಿಟಿವ್ ವರದಿಯ ಮೇಲಿರುವ ತಾರೀಖು ರಕ್ತ ತೆಗೆದ ದಿನದ್ದು, ಸೋಂಕು ತಗುಲಿದ ದಿನದ್ದಲ್ಲ. ಸೋಂಕು ಹೋದ ತಿಂಗಳು ಬಂದಿತೋ ಎಂಟು ವರ್ಷದ ಹಿಂದೆ ಬಂದಿತೋ ಆ ಪರೀಕ್ಷೆಗೆ ತಿಳಿಯದು. ಯಾರಿಂದ ಬಂತೆಂಬುದಂತೂ ತಿಳಿಯುವುದೇ ಇಲ್ಲ. ಮೊದಲು ಪರೀಕ್ಷೆ ಮಾಡಿಸಿಕೊಂಡವರು ಮೊದಲು ಸೋಂಕು ಪಡೆದವರು ಎಂಬ ತರ್ಕಕ್ಕೆ ವೈದ್ಯಶಾಸ್ತ್ರದಲ್ಲಿ ಜಾಗವಿಲ್ಲ. ಹಿಂದೆ ಇದೇ ತರ್ಕದಿಂದ ದೇವದಾಸಿ ತಾಯಂದಿರ ಮೇಲೂ ಲಾರಿ ಚಾಲಕರ ಮೇಲೂ ಇಡೀ ರೋಗವನ್ನು ಹೊರಿಸಿದರು. ಪರೀಕ್ಷೆಯ ಶಿಬಿರಗಳು ಮೊದಲು ಹೋದದ್ದು ಅವರ ಬಳಿಗೆ, ಆದ್ದರಿಂದ ಅಂಕಿಗಳು ಮೊದಲು ಬಂದದ್ದೂ ಅವರಿಂದ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಪದ್ಧತಿಯನ್ನು ನಿಷೇಧಿಸಿತು, ಆ ಹೆಂಗಸರ ಮೇಲಿನ ಗುಮಾನಿಯನ್ನು ಯಾವ ಕಾಯ್ದೆಯೂ ನಿಷೇಧಿಸಿಲ್ಲ.

ಗಂಡ ಹೆಂಡತಿಯ ವಿಷಯದಲ್ಲಿ ಇನ್ನೊಂದು ತಪ್ಪು ಎಣಿಕೆ ಇದೆ. "ಮನೀಯಾಕಿಗಿ ನೆಗೆಟಿವ್ ಬಂದದ, ಹಂಗಾದ್ರ ನನಗೂ ಇಲ್ಲ" ಎನ್ನುವುದು. ಒಂದು ಸಂಪರ್ಕದಲ್ಲಿ ಎಚ್‌ಐವಿ ದಾಟುವ ಸಾಧ್ಯತೆ ಬಹಳ ಜನ ಅಂದುಕೊಂಡಿರುವುದಕ್ಕಿಂತ ಕಡಿಮೆ. ಗಂಡಿನಿಂದ ಹೆಣ್ಣಿಗೆ ಯೋನಿ ಸಂಭೋಗದಲ್ಲಿ 10,000ಕ್ಕೆ ಸುಮಾರು 8, ಹೆಣ್ಣಿನಿಂದ ಗಂಡಿಗೆ ಸುಮಾರು 4. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ 138. ಸೋಂಕಿತರ ರಕ್ತವಿದ್ದ ಸೂಜಿ ಆಕಸ್ಮಿಕವಾಗಿ ಚುಚ್ಚಿದರೆ ಸಾವಿರಕ್ಕೆ ಮೂರು. ಹಾಗಾಗಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ವರ್ಷಗಟ್ಟಲೆ ಬಾರದಿರಬಹುದು. ಒಬ್ಬರ ರಕ್ತ ಇನ್ನೊಬ್ಬರ ರಕ್ತಕ್ಕೆ ಸಾಕ್ಷಿ ಹೇಳುವುದಿಲ್ಲ. ಇಬ್ಬರೂ ಬೇರೆ ಬೇರೆ ಮಾಡಿಸಬೇಕು. ಅಂಕಿ ಸಣ್ಣದೆಂದು ಧೈರ್ಯ ಮಾಡುವವರಿಗೂ ಒಂದು ಮಾತು: ಅದು ಒಂದು ಸಲದ ಲೆಕ್ಕ. ಸಲ ಹೆಚ್ಚಿದಂತೆ ಅಪಾಯವೂ ಕೂಡುತ್ತಾ ಹೋಗುತ್ತದೆ. ಜೊತೆಗೆ ಬೇರೆ ಗುಹ್ಯರೋಗದ ಹುಣ್ಣುಗಳಿದ್ದರೆ ಒಂದು ಸಲದ ಅಪಾಯವೇ ಏರುತ್ತದೆ.

ಸೂಜಿಯೆಂದರೆ ಕ್ಷೌರದಂಗಡಿಯ ಕತ್ತಿ, ಸೊಳ್ಳೆ, ಒಂದೇ ಲೋಟದ ನೀರು ಎಲ್ಲವೂ ಜನರ ನೆನಪಿಗೆ ಬರುತ್ತವೆ. ಸೊಳ್ಳೆಯಿಂದ, ಲೋಟದಿಂದ, ಮುಟ್ಟುವುದರಿಂದ ಎಚ್‌ಐವಿ ಬರುವುದಿಲ್ಲ. ಕ್ಷೌರಕ್ಕೆ ಹೊಸ ಬ್ಲೇಡು ಕೇಳಿ, ಆದರೆ ಅದಕ್ಕಾಗಿ ರಾತ್ರಿ ನಿದ್ದೆಗೆಡಬೇಡಿ. ನಿಜವಾಗಿ ಹೆದರಬೇಕಾದದ್ದು ಒಂದೇ ಸಿರಿಂಜಿನಲ್ಲಿ ಊರಿಗೆಲ್ಲ ಚುಚ್ಚುವ ನಕಲಿ ಡಾಕ್ಟರಿಗೆ. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮವುವಿನಲ್ಲಿ 2018ರ ಆರಂಭದಲ್ಲಿ ಹತ್ತಾರು ಜನರಿಗೆ ಎಚ್‌ಐವಿ ಪತ್ತೆಯಾದಾಗ, ಒಂದೇ ಸೂಜಿಯನ್ನು ಹಲವರಿಗೆ ಬಳಸಿದ ಆರೋಪದ ಮೇಲೆ ಅಂಥ ಒಬ್ಬನನ್ನು ಬಂಧಿಸಿದರು. ಸುಮ್ಮನೆ ಸುಸ್ತಾಗಿದೆ ಎಂದು ಸೂಜಿ ಕೇಳುವ ನಮ್ಮ ಅಭ್ಯಾಸವನ್ನೂ ಇಲ್ಲಿ ಬೈಯಬೇಕು. ಸೂಜಿಯಿಂದ ಎಚ್‌ಐವಿಗಿಂತ ಹೆಪಟೈಟಿಸ್ ಬಿ ಬಹಳ ಸುಲಭವಾಗಿ ದಾಟುತ್ತದೆ. ಅದಕ್ಕೆ ಲಸಿಕೆ ಇದೆ. ಪರೀಕ್ಷೆಗೆ ಹೋದಾಗ ಹೆಪಟೈಟಿಸ್ ಬಿ, ಸಿ ಮತ್ತು ಸಿಫಿಲಿಸ್ಸನ್ನೂ ನೋಡಿ ಎಂದು ಕೇಳಿ.

ಖಾಸಗಿ ಲ್ಯಾಬಿನ ಕಾಗದ ಬೇರೆ ಬಗೆಯದು. ಅಲ್ಲಿ ಒಂದು ಅಂಕಿ ಇರುತ್ತದೆ. 0.12, 0.31, ಹೀಗೆ. ಪಕ್ಕದಲ್ಲಿ '1.00ಕ್ಕಿಂತ ಕಡಿಮೆ: ನಾನ್ ರಿಯಾಕ್ಟಿವ್' ಎಂದಿರುತ್ತದೆ. ಹೋದ ವಾರ 0.12 ಇದ್ದದ್ದು ಈ ವಾರ 0.31 ಆಯಿತು, ವೈರಸ್ಸು ಬೆಳೆಯುತ್ತಿದೆ ಎಂದು ಬೆವರುವವರಿದ್ದಾರೆ. ಆ ಅಂಕಿ ವೈರಸ್ಸಿನ ಅಳತೆಯೇ ಅಲ್ಲ. ಯಂತ್ರ ತನ್ನ ಗಡಿಗೆ ಹೋಲಿಸಿ ಕೊಡುವ ಸಂಕೇತ ಅದು. ಒಂದೇ ರಕ್ತವನ್ನು ಎರಡು ಸಲ ಹಾಕಿದರೂ ಸ್ವಲ್ಪ ಬದಲಾಗುತ್ತದೆ. ಗಡಿಯ ಕೆಳಗಿದ್ದರೆ ಕೆಳಗಿದೆ, ಅಷ್ಟೇ. ಗಡಿಯಿಂದ ಸ್ವಲ್ಪ ಮಾತ್ರ ಮೇಲಿದ್ದರೆ ಮತ್ತೆ ಖಚಿತಪಡಿಸಿಕೊಳ್ಳಬೇಕು. ಲ್ಯಾಬಿನ ಕಾಗದದಲ್ಲಿ ನೀವು ಹುಡುಕಬೇಕಾದದ್ದು ಅಂಕಿಯನ್ನಲ್ಲ, ಪರೀಕ್ಷೆಯ ಹೆಸರನ್ನು. ಆಂಟಿಬಾಡಿ ಮಾತ್ರವೋ, ಪಿ24 ಆಂಟಿಜೆನ್ ಕೂಡಿದೆಯೋ? 45 ದಿನವೋ 90 ದಿನವೋ ಎಂಬುದು ಅದರಿಂದ ಗೊತ್ತಾಗುತ್ತದೆ.

ಜ್ವರ, ಗಂಟಲು ನೋವು, ಮೈಮೇಲೆ ಗಂಧೆಗಳಿಂದ ಎಚ್‌ಐವಿ ಗುರುತಿಸಲು ಹೋಗಬೇಡಿ. ಸೋಂಕು ತಗುಲಿದ ಎರಡರಿಂದ ನಾಲ್ಕು ವಾರದಲ್ಲಿ ಕೆಲವರಿಗೆ ಇವು ಬರುವುದು ನಿಜ. ಕೆಲವರಿಗೆ ಏನೂ ಬರುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಜ್ವರ ಬರಲು ಬೇರೆ ನೂರು ಕಾರಣಗಳಿವೆ.

ಕೂಸುಗಳ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ತಾಯಿಗೆ ಎಚ್‌ಐವಿ ಇದ್ದರೆ ಅವಳ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೂ ಬಂದಿರುತ್ತವೆ. 18 ತಿಂಗಳವರೆಗೂ ಅವು ಉಳಿಯಬಹುದು. ಅಷ್ಟರೊಳಗೆ ಕಾರ್ಡ್ ಟೆಸ್ಟಿನಲ್ಲಿ ಕೂಸಿನ ರಕ್ತ ರಿಯಾಕ್ಟಿವ್ ಬಂದರೆ ಅದು ತಾಯಿಯ ಸೋಂಕಿನ ಗುರುತು, ಕೂಸಿಗೆ ಸೋಂಕಿದೆ ಎಂದು ಅದರಿಂದ ಹೇಳಲಾಗದು. ಆದ್ದರಿಂದ ಆರು ವಾರಕ್ಕೆ ಕೂಸಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ಒಣಗಿಸಿ, ವೈರಸ್ಸನ್ನೇ ಹುಡುಕುವ ಪರೀಕ್ಷೆಗೆ ಕಳಿಸುತ್ತಾರೆ. ಆಮೇಲೂ ಆಗಾಗ ನೋಡಿ 18 ತಿಂಗಳಿಗೆ ಕೊನೆಯ ಮಾತು ಹೇಳುತ್ತಾರೆ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಕೂಸಿಗೆ ಸೋಂಕು ಹೋಗುವ ಸಾಧ್ಯತೆ ನೂರಕ್ಕೆ 15ರಿಂದ 45. ತಾಯಿ ಮಾತ್ರೆ ನುಂಗಿ, ಕೂಸಿಗೂ ಔಷಧಿ ಹನಿ ಹಾಕಿದರೆ ಅದು ಐದಕ್ಕಿಂತ ಕೆಳಗಿಳಿಯುತ್ತದೆ. ಗುಳೆ ಹೊರಡುವ ಅವಸರದಲ್ಲಿ ಕೂಸಿನ ಈ ತಾರೀಖುಗಳನ್ನು ತಪ್ಪಿಸಬೇಡಿ. ಹೋದ ಊರಿನಲ್ಲೂ ಕೇಂದ್ರವಿರುತ್ತದೆ, ಚೀಟಿ ಜೊತೆಗಿಟ್ಟುಕೊಂಡರೆ ಸಾಕು.

ಇನ್ನು ಕೆಲವರಿದ್ದಾರೆ. ಮೂರು ತಿಂಗಳಿಗೆ ನೆಗೆಟಿವ್, ನಾಲ್ಕಕ್ಕೆ ನೆಗೆಟಿವ್, ಮತ್ತೆ ಬೇರೆ ಲ್ಯಾಬಿನಲ್ಲಿ ನೆಗೆಟಿವ್. ಆದರೂ ನಂಬಿಕೆಯಿಲ್ಲ. ಮೊಬೈಲಿನಲ್ಲಿ ಓದಿ ಓದಿ, ಇಲ್ಲದ ಹುಣ್ಣನ್ನು ಬಾಯಲ್ಲಿ ಹುಡುಕುತ್ತಾರೆ. ಅವರ ಕಾಯಿಲೆ ರಕ್ತದಲ್ಲಿಲ್ಲ. ಪಾಪಪ್ರಜ್ಞೆಯೋ ಆತಂಕವೋ ಅವರನ್ನು ತಿನ್ನುತ್ತಿರುತ್ತದೆ. ಲ್ಯಾಬುಗಳಿಗೆ ಅವರು ಒಳ್ಳೆಯ ಗಿರಾಕಿಗಳು. ಅಂಥವರು ಮುಂದಿನ ದುಡ್ಡನ್ನು ಇನ್ನೊಂದು ಪರೀಕ್ಷೆಗೆ ಸುರಿಯದೆ ಮನೋವೈದ್ಯರ ಬಳಿ ಹೋಗುವುದು ಲೇಸು. ಹಾಗೆ ಹೇಳಿದರೆ ಸಿಟ್ಟಾಗುತ್ತಾರೆ, ಆದರೂ ಹೇಳಲೇಬೇಕು.

ಮೂರೂ ಕಿಟ್ಟು ಹೌದೆಂದರೆ? ಆಗ ಹೆಜ್ಜೆ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರದ ಕಡೆಗೆ. ರಿಮ್ಸ್ ಆಸ್ಪತ್ರೆಯಲ್ಲಿ ಅಂಥ ಕೇಂದ್ರವಿದೆ. ಸರ್ಕಾರ ಎಚ್‌ಐವಿ ಔಷಧಿಯನ್ನು ಪುಕ್ಕಟೆ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು. ಮೊದಲು ಸೋಂಕು ಹೆಚ್ಚಿದ್ದ ಆರು ರಾಜ್ಯಗಳನ್ನೂ ದೆಹಲಿಯನ್ನೂ ಆರಿಸಿದರು, ಅವುಗಳಲ್ಲಿ ಕರ್ನಾಟಕವೂ ಒಂದು. ಆಗ ಸಿಡಿ4 ಎಂಬ ರಕ್ತಕಣದ ಎಣಿಕೆ ಕುಸಿಯುವ ತನಕ ಕಾಯಬೇಕಿತ್ತು. 2017ರಿಂದ ಆ ಕಾಯುವಿಕೆ ಇಲ್ಲ, ಪಾಸಿಟಿವ್ ಬಂದ ಎಲ್ಲರಿಗೂ ಔಷಧಿ. ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ನುಂಗಿದವರ ರಕ್ತದಲ್ಲಿ ವೈರಸ್ಸು ಅಳತೆಗೆ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ದಾಟುವುದಿಲ್ಲ. ಯುರೋಪಿನ ಜೋಡಿಗಳನ್ನು ವರ್ಷಗಟ್ಟಲೆ ನೋಡಿದ 'ಪಾರ್ಟ್ನರ್' ಅಧ್ಯಯನದ ಫಲಿತಾಂಶ 2016ರಲ್ಲೂ 2019ರಲ್ಲೂ ಪ್ರಕಟವಾಯಿತು. ಕಾಂಡೋಮ್ ಇಲ್ಲದ ಸಾವಿರಾರು ಸಂಪರ್ಕಗಳಲ್ಲಿ ಜೊತೆಗಾರರಿಂದ ಹಾಗೆ ದಾಟಿದ ಒಂದು ಸೋಂಕೂ ಕಾಣಲಿಲ್ಲ. ಮಾತ್ರೆ ನುಂಗುತ್ತಿರುವವರು ನಮ್ಮ ನಡುವೆ ಬಿತ್ತುತ್ತಿದ್ದಾರೆ, ಮದುವೆಯಾಗುತ್ತಿದ್ದಾರೆ, ಸೋಂಕಿಲ್ಲದ ಮಕ್ಕಳನ್ನು ಹೆರುತ್ತಿದ್ದಾರೆ. ಇಪ್ಪತ್ತು ವರ್ಷದ ಹಿಂದೆ ಗೋಡೆಗಳ ಮೇಲೆ ತಲೆಬುರುಡೆ ಬರೆದು ಸಾರಿದ ರೋಗ ಇದಲ್ಲ. ಆ ಗೋಡೆಬರಹ ಎಷ್ಟು ಜನರನ್ನು ಪರೀಕ್ಷೆಯಿಂದ ದೂರ ಓಡಿಸಿತೋ!

"ಅಲ್ಲಿ ನಮ್ಮೂರಾವ್ರು ಯಾರರ ನೋಡಿದ್ರ?" ಎಂಬ ಅಂಜಿಕೆ ನನಗೆ ಅರ್ಥವಾಗುತ್ತದೆ. ದೇವದುರ್ಗದಂಥ ಊರಿನಲ್ಲಿ ಆಸ್ಪತ್ರೆಯ ಯಾವ ಬಾಗಿಲ ಮುಂದೆ ನಿಂತರೂ ಸುದ್ದಿಯೇ. ಹಾಗಿದ್ದರೆ ಮಾನ್ವಿಗೆ ಹೋಗಿ, ಮಾನ್ವಿಯವರು ರಾಯಚೂರಿಗೆ ಹೋಗಿ. ನಿಮ್ಮ ತಾಲೂಕಿನದೇ ಕೇಂದ್ರ ಆಗಬೇಕೆಂಬ ನಿಯಮವಿಲ್ಲ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಪರೀಕ್ಷೆಗೆ ಮೊದಲೂ ಆಮೇಲೂ ನಿಮಗೆ ತಿಳಿಸಿ ಹೇಳಬೇಕು, ವರದಿಯನ್ನು ಗುಟ್ಟಾಗಿಡಬೇಕು, ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಹಾಕುವಂತಿಲ್ಲ. ಆಪ್ತಸಮಾಲೋಚಕರ ಮುಂದೆ ಸುಳ್ಳು ಹೇಳಬೇಕಾದ ಅಗತ್ಯವೂ ಇಲ್ಲ. ಯಾರ ಜೊತೆ, ಯಾಕೆ ಎಂದು ಅವರು ನ್ಯಾಯ ಹೇಳಲು ಕೂತಿಲ್ಲ. ನಾಚಿಕೆಗೆ ಹತ್ತು ದಿನ ಹಿಂದುಮುಂದು ಮಾಡಿ ತಾರೀಖು ಹೇಳಿದರೆ ಮಾತ್ರ ಇಡೀ ಲೆಕ್ಕ ಕೆಡುತ್ತದೆ. ನೆನಪಿಲ್ಲದಿದ್ದರೆ ಹಬ್ಬವೋ ಜಾತ್ರೆಯೋ ಸಂಬಳದ ದಿನವೋ, ಹತ್ತಿರದ್ದನ್ನು ಹೇಳಿ, ಅವರು ಎಣಿಸಿಕೊಳ್ಳುತ್ತಾರೆ.

ಮನೆಯಿಂದ ಹೊರಡುವ ಮೊದಲು ಯಾರನ್ನಾದರೂ ಕೇಳಬೇಕೆನ್ನಿಸಿದರೆ 1097ಕ್ಕೆ ಕರೆ ಮಾಡಿ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ ಅದು, ದುಡ್ಡು ಕಟ್ಟಾಗುವುದಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು. ಫೋನು ಹಚ್ಚುವ ಮೊದಲು ಘಟನೆಯ ತಾರೀಖು, ಪರೀಕ್ಷೆಯ ತಾರೀಖು, ಕಾಗದದ ಮೇಲಿರುವ ಪರೀಕ್ಷೆಯ ಹೆಸರು, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.